ಕೈಲೆಕ್ಕದಲ್ಲಿ 1.6, ಸಾಫ್ಟ್‌ವೇರ್‌ನಲ್ಲಿ 1.5: ನೀರಿನ ವರದಿಯಲ್ಲಿ ಯಾವುದನ್ನು ಬರೆಯಬೇಕು?

ಪ್ರಶ್ನೆ: ನಾನು ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಮಿಸ್ಟ್. ಪಾವಗಡ ಕಡೆಯ ಕೊಳವೆಬಾವಿಗಳ ನೀರು ನಮಗೆ ಹೆಚ್ಚಾಗಿ ಬರುತ್ತದೆ. ಹೋದ ತಿಂಗಳು ಒಂದು ಸ್ಯಾಂಪಲ್‌ನ ಫ್ಲೋರೈಡ್ ಅನ್ನು ಸ್ಪಾಡ್ನ್ಸ್ ವಿಧಾನದಲ್ಲಿ (ಬಣ್ಣದ ಗಾಢತೆಯಿಂದ ಫ್ಲೋರೈಡ್ ಅಳೆಯುವ ವಿಧಾನ) ನೋಡಿದೆ. 25 ಮಿ.ಲೀ. ನೀರನ್ನು 50 ಮಿ.ಲೀ.ಗೆ ಡೈಲ್ಯೂಟ್ ಮಾಡಿದ್ದೆ. ಅಬ್ಸಾರ್ಬೆನ್ಸ್ (ದ್ರಾವಣ ಹೀರುವ ಬೆಳಕಿನ ಅಳತೆ) 0.673 ಬಂತು. ಫ್ಲೋರೈಡ್ ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣಗಳಿಂದ ಎಳೆದ ಕ್ಯಾಲಿಬ್ರೇಷನ್ ರೇಖೆಯ ಇಂಟರ್‌ಸೆಪ್ಟ್ 0.8213, ಸ್ಲೋಪ್ 0.1914 (ರೇಖೆ ಕೆಳಕ್ಕೆ ಇಳಿಯುತ್ತದೆ, ಫ್ಲೋರೈಡ್ ಹೆಚ್ಚಿದಷ್ಟೂ ರೀಡಿಂಗ್ ಕಡಿಮೆ). ರಿಜಿಸ್ಟರ್‌ನಲ್ಲಿ ಲೆಕ್ಕ ಹಾಕಿದಾಗ 0.775 ಬಂತು. ಎರಡರಿಂದ ಗುಣಿಸಿದೆ, 1.55. ರೌಂಡ್ ಆಫ್ ಮಾಡಿದರೆ 1.6. ಅದೇ ರೀಡಿಂಗ್ ಹಾಕಿದರೆ ಸಾಫ್ಟ್‌ವೇರ್ 1.5 ಅನ್ನುತ್ತಿದೆ. ಮಿತಿ ಇರುವುದೇ ಲೀಟರಿಗೆ 1.5 ಮಿ.ಗ್ರಾಂ. ಲ್ಯಾಬ್ ಇನ್‌ಚಾರ್ಜ್ ಸರ್ "ಕಂಪ್ಯೂಟರ್ ಕೊಟ್ಟಿದ್ದನ್ನೇ ಹಾಕಿ" ಅಂದರು. ಹಿರಿಯ ಸಹೋದ್ಯೋಗಿಯೊಬ್ಬರು "ಕುಡಿಯುವವರು ಮಕ್ಕಳು, ಜಾಸ್ತಿ ಇರುವುದನ್ನೇ ಹಾಕಿ" ಅಂದರು. ಟಿಡಿಎಸ್‌ನಲ್ಲೂ (ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತು) ಹೀಗೇ ಆಗಿದೆ, ಎಕ್ಸೆಲ್ 501 ಅಂದರೆ ಸಾಫ್ಟ್‌ವೇರ್ 500 ಅನ್ನುತ್ತದೆ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಆಡಿಟ್ ಹತ್ತಿರ ಬಂದಿದೆ. ಯಾವುದು ಸರಿ? ಈಗಾಗಲೇ ಕೊಟ್ಟ ವರದಿಗಳನ್ನು ಏನು ಮಾಡಬೇಕು?

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಒಂದೇ ನೀರು, ಒಂದೇ ರೀಡಿಂಗ್. ಒಂದು ಲೆಕ್ಕದಲ್ಲಿ ಆ ಬಾವಿ ಪಾಸು, ಇನ್ನೊಂದರಲ್ಲಿ ಫೇಲು. ಆ ಕಾಗದ ಪಂಚಾಯಿತಿಗೆ ಹೋಗುತ್ತದೆ, ಅದನ್ನು ನೋಡಿ ಜನ ನೀರು ಕುಡಿಯುತ್ತಾರೆ ಅಥವಾ ಬಾವಿಗೆ ಬೀಗ ಬೀಳುತ್ತದೆ. ಹಾಗಿರುವಾಗ ಇದನ್ನು ಬರೀ ದಶಮಾಂಶದ ಜಗಳ ಅಂತ ಬಿಡಲು ಮನಸ್ಸು ಬಾರದಿರುವುದು ಸರಿಯಾದದ್ದೇ.

ನೇರವಾಗಿ ಹೇಳುತ್ತೇನೆ. ಈ ಸ್ಯಾಂಪಲ್‌ಗೆ ಲೆಕ್ಕದ ಪ್ರಕಾರ ಬರೆಯಬೇಕಾದದ್ದು 1.5. ಆದರೆ ಇನ್‌ಚಾರ್ಜ್ ಕೊಟ್ಟ ಕಾರಣಕ್ಕಾಗಿ ಅಲ್ಲ. ಸಾಫ್ಟ್‌ವೇರ್ ಹೇಳಿತು ಎಂಬುದು ಕಾರಣವೇ ಆಗಲಾರದು. ಇದೇ ಸಾಫ್ಟ್‌ವೇರ್ ಇನ್ನೊಂದು ಕಡೆ ತಪ್ಪು ಅಂಕಿ ಕೊಡಬಹುದು, ಅದನ್ನು ಮುಂದೆ ತೋರಿಸುತ್ತೇನೆ. ನಿಮ್ಮ ಹಿರಿಯ ಸಹೋದ್ಯೋಗಿಯ ಕಾಳಜಿಯನ್ನೂ ತಳ್ಳಿಹಾಕಬೇಡಿ. ಅವರ ಕಾಳಜಿ ನ್ಯಾಯವಾದದ್ದು, ಅದನ್ನು ಅವರು ಹಾಕಲು ಹೊರಟ ಜಾಗ ಮಾತ್ರ ತಪ್ಪು.

ಮೊದಲು ನಿಮ್ಮ ಲೆಕ್ಕವನ್ನೇ ಬಿಡಿಸಿ ನೋಡೋಣ. 0.8213ರಲ್ಲಿ 0.673 ಕಳೆದರೆ 0.1483. ಅದನ್ನು 0.1914ರಿಂದ ಭಾಗಿಸಿದರೆ 0.774817. ಎರಡರಿಂದ ಗುಣಿಸಿದರೆ 1.549634. ಇದನ್ನು ಒಂದೇ ಸಲಕ್ಕೆ ಒಂದು ದಶಮಾಂಶಕ್ಕೆ ತಂದರೆ 1.5. ನೀವು ನಡುವೆ ಒಂದು ಕಡೆ ನಿಂತಿರಿ: 0.774817 ಅನ್ನು 0.775 ಮಾಡಿದಿರಿ. ಅಲ್ಲಿ ಸೇರಿಕೊಂಡದ್ದು 0.000183 ಅಷ್ಟೇ. ಡೈಲ್ಯೂಷನ್ ಅದನ್ನು ದುಪ್ಪಟ್ಟು ಮಾಡಿತು, ಮೊತ್ತ ಸರಿಯಾಗಿ 1.550ಕ್ಕೆ ಬಂದು ಕೂತಿತು, ಅಲ್ಲಿಂದ ಮತ್ತೊಮ್ಮೆ ರೌಂಡ್ ಮಾಡಿದಾಗ 1.6ಕ್ಕೆ ಹಾರಿತು. ನಡುವೆ ನಿಲ್ಲದೆ ಕೊನೆವರೆಗೆ ಹೋಗಿ, ಆಮೇಲೆ 1.549634 ಅನ್ನು 1.55 ಎಂದು ಬರೆದು, ಅದನ್ನು ನೋಡಿ 1.6 ಮಾಡಿದ್ದರೂ ಇದೇ ತಪ್ಪು. ಕಿರಾಣಿ ಅಂಗಡಿಯಲ್ಲಿ ಪ್ರತಿ ಸಾಮಾನಿನ ಬೆಲೆಯನ್ನೂ ರೂಪಾಯಿಗೆ ಏರಿಸಿ ಕೂಡಿದರೆ ಬರುವ ಬಿಲ್ಲೇ ಬೇರೆ, ಪೈಸೆ ಸಮೇತ ಕೂಡಿ ಕೊನೆಯಲ್ಲಿ ಒಂದು ಸಲ ಏರಿಸಿದರೆ ಬರುವ ಬಿಲ್ಲೇ ಬೇರೆ. ನಿಮ್ಮ ರಿಜಿಸ್ಟರ್‌ನಲ್ಲಿ ಆಗಿರುವುದು ಮೊದಲನೆಯದು.

ಇದು ನನ್ನ ಅಭಿಪ್ರಾಯ ಮಾತ್ರವಲ್ಲ. ಅಂಕಿಗಳನ್ನು ರೌಂಡ್ ಆಫ್ ಮಾಡುವುದಕ್ಕೆಂದೇ ನಮ್ಮಲ್ಲಿ ಐಎಸ್ 2 ಎಂಬ ಭಾರತೀಯ ಮಾನಕ ಇದೆ. 1960ರ ಆವೃತ್ತಿ ಬಹುಕಾಲ ಬಳಕೆಯಲ್ಲಿತ್ತು, 2022ರಲ್ಲಿ ಅದರ ಪರಿಷ್ಕರಣೆ ಬಂದಿದೆ. ಲಭ್ಯವಿರುವ ಅತ್ಯಂತ ನಿಖರ ಬೆಲೆಯಿಂದ ಒಂದೇ ಹೆಜ್ಜೆಯಲ್ಲಿ ಕೊನೆಯ ಅಂಕಿಗೆ ಬರಬೇಕು, ಹಂತ ಹಂತವಾಗಿ ರೌಂಡ್ ಮಾಡುತ್ತಾ ಬರಬಾರದು ಎಂದು ಅದು ಹೇಳುತ್ತದೆ. ಕುಡಿಯುವ ನೀರಿನ ಐಎಸ್ 10500ರ ಮುನ್ನುಡಿಯಲ್ಲಿ, ಫಲಿತಾಂಶವನ್ನು ರೌಂಡ್ ಆಫ್ ಮಾಡುವುದಿದ್ದರೆ ಐಎಸ್ 2ರಂತೆಯೇ ಮಾಡಬೇಕು, ಮಾನಕದಲ್ಲಿ ಮಿತಿಯನ್ನು ಎಷ್ಟು ಸ್ಥಾನಕ್ಕೆ ಕೊಟ್ಟಿದೆಯೋ ಅಷ್ಟೇ ಸ್ಥಾನ ಉಳಿಸಿಕೊಳ್ಳಬೇಕು ಎಂದಿದೆ. ಮುನ್ನುಡಿ ಅಂತ ಬಹಳ ಜನ ಆ ಪುಟವನ್ನು ಓದುವುದೇ ಇಲ್ಲ. ಆಡಿಟ್‌ಗೆ ಮೊದಲು ನೀವು ಓದಿ, ಇನ್‌ಚಾರ್ಜ್ ಅವರಿಗೂ ತೋರಿಸಿ.

ಹಾಗಾದರೆ ರಿಜಿಸ್ಟರ್‌ನಲ್ಲಿ 0.775 ಅಂತ ಬರೆಯುವುದೇ ತಪ್ಪಾ? ಬರೆಯಿರಿ, ಕಣ್ಣಿಗೆ ಕಾಣಲಿ. ಆದರೆ ಮುಂದಿನ ಗುಣಾಕಾರಕ್ಕೆ ಬರೆದ ಅಂಕಿಯನ್ನು ತೆಗೆದುಕೊಳ್ಳಬೇಡಿ. ಕ್ಯಾಲ್ಕ್ಯುಲೇಟರ್‌ನಲ್ಲಿ ಉಳಿದಿರುವುದನ್ನೇ ಎರಡರಿಂದ ಗುಣಿಸಿ. ಕ್ಯಾಲ್ಕ್ಯುಲೇಟರ್ ಅಳಿಸಿ ಹೊಸದಾಗಿ ಒತ್ತುವ ಅಭ್ಯಾಸವೇ ಬಹಳಷ್ಟು ಲ್ಯಾಬ್‌ಗಳಲ್ಲಿ ಈ ವ್ಯತ್ಯಾಸಗಳ ಮೂಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನೀವು ನಡುವೆ ಎಲ್ಲೂ ರೌಂಡ್ ಮಾಡದಿದ್ದರೂ ಸಾಫ್ಟ್‌ವೇರ್ ಜೊತೆ ಹೊಂದಿಕೆಯಾಗದೇ ಹೋಗಬಹುದಿತ್ತು. ಪರದೆಯ ಮೇಲೆ ಸ್ಲೋಪ್ 0.1914 ಎಂದು ಕಾಣುತ್ತದೆ ನಿಜ. ಅದರ ಹೊಟ್ಟೆಯಲ್ಲಿರುವುದು 0.19135ರಿಂದ 0.19145ರ ನಡುವಿನ ಯಾವುದೋ ಒಂದು ಉದ್ದನೆಯ ಸಂಖ್ಯೆ. ಇಂಟರ್‌ಸೆಪ್ಟ್ ಕೂಡ ಹಾಗೆಯೇ, 0.82125ರಿಂದ 0.82135ರ ಒಳಗೆ ಎಲ್ಲಾದರೂ ಇರಬಹುದು. ಈ ಎರಡು ಅಂಚುಗಳನ್ನು ಹಿಡಿದು ನಿಮ್ಮ ಸ್ಯಾಂಪಲ್ ಲೆಕ್ಕ ಹಾಕಿದರೆ ಉತ್ತರ 1.5487ರಿಂದ 1.5506ರವರೆಗೆ ಓಡಾಡುತ್ತದೆ. ಅಂದರೆ ಪರದೆಯಲ್ಲಿ ಕಾಣುವ ನಾಲ್ಕು ಅಂಕಿಗಳಿಂದ, ಎಷ್ಟೇ ಎಚ್ಚರಿಕೆಯಿಂದ ಕೈಲೆಕ್ಕ ಮಾಡಿದರೂ, 1.5 ಅಥವಾ 1.6 ಎಂದು ತೀರ್ಮಾನಿಸಲು ಆಗುವುದಿಲ್ಲ. ಕೈಲೆಕ್ಕದಿಂದ ಸಾಫ್ಟ್‌ವೇರ್ ಪರಿಶೀಲಿಸಬೇಕಿದ್ದರೆ ಸ್ಟ್ಯಾಂಡರ್ಡ್‌ಗಳ ಮೂಲ ಅಬ್ಸಾರ್ಬೆನ್ಸ್‌ಗಳಿಂದಲೇ ರೇಖೆಯನ್ನು ಮತ್ತೆ ಕಟ್ಟಬೇಕು, ಇಲ್ಲವೇ ಸ್ಲೋಪ್ ಮತ್ತು ಇಂಟರ್‌ಸೆಪ್ಟ್ ಅನ್ನು ಕನಿಷ್ಠ ಏಳೆಂಟು ಅಂಕಿಗೆ ಮುದ್ರಿಸಿಕೊಳ್ಳಬೇಕು. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಎಷ್ಟು ಅಂಕಿ ತೋರಿಸಬೇಕು ಎಂಬ ಸೆಟ್ಟಿಂಗ್ ಇರುತ್ತದೆ.

ಮುಂದೆ ನೀವು ಬಣ್ಣದ ಬದಲು ವಿದ್ಯುತ್ ವಿಭವದಿಂದ ಅಳೆಯುವ ಫ್ಲೋರೈಡ್ ಎಲೆಕ್ಟ್ರೋಡ್‌ಗೆ ಬದಲಾದರೆ ಇದು ಇನ್ನೂ ಚುರುಕಾಗುತ್ತದೆ. ಅಲ್ಲಿ ಲೆಕ್ಕ ನಡೆಯುವುದು ಲಾಗರಿದಮ್‌ನಲ್ಲಿ. ಲಾಗ್ ಬೆಲೆಯನ್ನು ಎರಡು ದಶಮಾಂಶಕ್ಕೆ ರೌಂಡ್ ಮಾಡಿದರೆ ಆಗಬಹುದಾದ ಗರಿಷ್ಠ ತಪ್ಪು 0.005. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅದನ್ನು ಮತ್ತೆ ಸಾಂದ್ರತೆಗೆ ತಿರುಗಿಸಿದಾಗ ಶೇ. 1.2ರಷ್ಟು ಏರುಪೇರಾಗುತ್ತದೆ. ಲಾಗ್‌ಗೆ ನಾಲ್ಕು ದಶಮಾಂಶಕ್ಕಿಂತ ಕಡಿಮೆ ಇಟ್ಟುಕೊಳ್ಳಲೇಬೇಡಿ.

ಐದು ಬಂದಾಗ ಮೇಲಕ್ಕೋ, ಕೆಳಕ್ಕೋ

ಟಿಡಿಎಸ್‌ನ ವಿಷಯ ಬೇರೆ. ಅಲ್ಲಿ ಯಾರೂ ನಡುವೆ ರೌಂಡ್ ಮಾಡಿಲ್ಲ, ಆದರೂ ಎರಡು ಉತ್ತರ. ನೀವು 200 ಮಿ.ಲೀ. ನೀರು ಆವಿ ಮಾಡುತ್ತೀರಿ ಎಂದುಕೊಳ್ಳುತ್ತೇನೆ. ತಕ್ಕಡಿ 0.1 ಮಿ.ಗ್ರಾಂವರೆಗೆ ಓದುತ್ತದೆ. ಶೇಷ 100.1 ಮಿ.ಗ್ರಾಂ ಬಂದರೆ ಲೀಟರಿಗೆ ಸರಿಯಾಗಿ 500.5. ಐಎಸ್ 10500ರಲ್ಲಿ ಟಿಡಿಎಸ್‌ನ ಸ್ವೀಕಾರಾರ್ಹ ಮಿತಿ 500. ಈ ಅರ್ಧವನ್ನು ಯಾವ ಕಡೆ ತಳ್ಳಬೇಕು?

ಶಾಲೆಯಲ್ಲಿ ನಾವೆಲ್ಲ ಕಲಿತದ್ದು, ಐದು ಮತ್ತು ಐದಕ್ಕಿಂತ ಹೆಚ್ಚಿದ್ದರೆ ಒಂದು ಏರಿಸು ಎಂದು. ಅದೇ ಏಕೈಕ ನಿಯಮ ಎಂದು ಬಹಳ ಮಂದಿ ನಂಬಿದ್ದಾರೆ, ಕೆಮಿಸ್ಟ್‌ಗಳೂ ಸೇರಿ. ಐಎಸ್ 2ರ ನಿಯಮ ಅದಲ್ಲ. ಬಿಟ್ಟುಬಿಡುವ ಭಾಗ ಸರಿಯಾಗಿ ಅರ್ಧವಾಗಿದ್ದರೆ, ಅಂದರೆ ಐದರ ಮುಂದೆ ಏನೂ ಇಲ್ಲದಿದ್ದರೆ ಅಥವಾ ಬರೀ ಸೊನ್ನೆಗಳಿದ್ದರೆ, ಉಳಿಯುವ ಕೊನೆಯ ಅಂಕಿ ಸಮಸಂಖ್ಯೆ ಆಗುವಂತೆ ಮಾಡಬೇಕು. 500.5 ಆಗುವುದು 500. 501.5 ಆಗುವುದು 502. ಐದರ ಮುಂದೆ ಚೂರೇ ಚೂರು ಇದ್ದರೂ, 500.51 ಆಗಿದ್ದರೂ, ಮೇಲಕ್ಕೇ ಹೋಗಬೇಕು.

ಇದರ ಹಿಂದೆ ಕಾರಣವಿದೆ. ನಿಮ್ಮ ತಕ್ಕಡಿ ಮತ್ತು 200 ಮಿ.ಲೀ. ಅಳತೆಯಲ್ಲಿ ಫಲಿತಾಂಶಗಳು 0.5ರ ಹೆಜ್ಜೆಯಲ್ಲೇ ಬರುತ್ತವೆ. ಹೆಚ್ಚುಕಡಿಮೆ ಎರಡರಲ್ಲೊಂದು ಫಲಿತಾಂಶ ಅರ್ಧಕ್ಕೆ ಬಂದು ನಿಲ್ಲುತ್ತದೆ. ಎಲ್ಲವನ್ನೂ ಮೇಲಕ್ಕೇ ತಳ್ಳಿದರೆ ಇಡೀ ಲ್ಯಾಬ್‌ನ ಫಲಿತಾಂಶಗಳು ಒಂದೇ ದಿಕ್ಕಿಗೆ ವಾಲುತ್ತವೆ. ಸಮಸಂಖ್ಯೆಯ ನಿಯಮದಲ್ಲಿ ಅರ್ಧದಷ್ಟು ಮೇಲಕ್ಕೆ, ಅರ್ಧದಷ್ಟು ಕೆಳಕ್ಕೆ ಹೋಗಿ ಸರಿದೂಗುತ್ತದೆ. ಬ್ಯುರೆಟ್, ತಕ್ಕಡಿಯಂತಹ ಗೆರೆಗೆರೆಯ ಅಳತೆಗಳಿರುವ ಕಡೆ ಈ ನಿಯಮಕ್ಕೆ ನಿಜವಾದ ಬೆಲೆ ಇದೆ.

ಎಕ್ಸೆಲ್ ಶೀಟ್‌ನ ರೌಂಡ್ ಫಾರ್ಮುಲಾ ಶಾಲೆಯ ನಿಯಮವನ್ನು ಪಾಲಿಸುತ್ತದೆ, 501 ಕೊಡುತ್ತದೆ. ಅದೇ ಎಕ್ಸೆಲ್ ಫೈಲಿನೊಳಗೆ ಮ್ಯಾಕ್ರೋ ಬರೆದು ಅದರ ರೌಂಡ್ ಬಳಸಿದರೆ 500 ಬರುತ್ತದೆ, ಏಕೆಂದರೆ ಮ್ಯಾಕ್ರೋ ಭಾಷೆಯಲ್ಲಿ ಸಮಸಂಖ್ಯೆಯ ನಿಯಮ ಇದೆ. ಸಾಫ್ಟ್‌ವೇರ್ ಬರೆಯುವ ಪೈಥಾನ್ ಭಾಷೆಯಲ್ಲೂ ಸಮಸಂಖ್ಯೆಯ ನಿಯಮವೇ, ಡಾಟ್‌ನೆಟ್‌ನ ಪೂರ್ವನಿಯೋಜಿತ ವ್ಯವಸ್ಥೆಯೂ ಅದೇ. ಹಾಗಾಗಿ ನಿಮ್ಮ ಲ್ಯಾಬ್‌ನ ಸಾಫ್ಟ್‌ವೇರ್ ಮತ್ತು ಎಕ್ಸೆಲ್ ಎರಡೂ ಕೆಟ್ಟಿಲ್ಲ. ಎರಡೂ ತಮಗೆ ಹೇಳಿಕೊಟ್ಟದ್ದನ್ನು ಮಾಡುತ್ತಿವೆ. ಐಎಸ್ 10500ರ ಪ್ರಕಾರ ವರದಿ ಕೊಡುವಾಗ ಟಿಡಿಎಸ್‌ಗೆ 500 ಸರಿ.

ಇದನ್ನು ಎಲ್ಲ ಕೆಲಸಕ್ಕೂ ಅನ್ವಯಿಸಬೇಡಿ. ನಿಮ್ಮ ಲ್ಯಾಬ್ ಔಷಧ ಕಂಪನಿಗಳ ಸ್ಯಾಂಪಲ್ ಕೂಡ ಮಾಡುತ್ತಿದ್ದರೆ ಅಲ್ಲಿ ನಿಯಮ ತಲೆಕೆಳಗು. ಅಮೆರಿಕದ ಫಾರ್ಮಕೋಪಿಯಾ (ಔಷಧಗಳ ಮಾನಕ ಗ್ರಂಥ) ಮಿತಿಯ ಸ್ಥಾನದಿಂದ ಮುಂದಿನ ಒಂದೇ ಅಂಕಿಯನ್ನು ನೋಡಿ, ಐದು ಅಥವಾ ಹೆಚ್ಚಿದ್ದರೆ ಏರಿಸಿ ಅನ್ನುತ್ತದೆ. ಯುರೋಪಿನದೂ ಅರ್ಧಕ್ಕೆ ಸಮ ಅಥವಾ ಹೆಚ್ಚಾದರೆ ಏರಿಸಿ ಅನ್ನುತ್ತದೆ. ಅಸ್ಸೇ (ಔಷಧಾಂಶದ ಶೇಕಡಾ ಪ್ರಮಾಣ) ಮೇಲ್ಮಿತಿ 102.0 ಇರುವ ಮಾತ್ರೆಗೆ ಸರಿಯಾಗಿ 102.05 ಬಂದರೆ ಅವರ ಲೆಕ್ಕದಲ್ಲಿ 102.1, ಅಂದರೆ ಫೇಲ್. ಸಮಸಂಖ್ಯೆಯ ನಿಯಮದಲ್ಲಿ 102.0, ಪಾಸ್. ಯಾವ ಮಾನಕದ ಹೆಸರಿನಲ್ಲಿ ವರದಿ ಕೊಡುತ್ತೀರೋ ಆ ಮಾನಕದ ನಿಯಮವೇ ನಡೆಯಬೇಕು. ಲ್ಯಾಬ್‌ಗೆಲ್ಲ ಒಂದೇ ಸೆಟ್ಟಿಂಗ್ ಹಾಕಿ ಕೂತರೆ ಒಂದು ಕಡೆ ತಪ್ಪುವುದು ಖಚಿತ.

ಕಂಪ್ಯೂಟರಿನ ಒಳಗಿನ ತೊಂದರೆ

ಸಾಫ್ಟ್‌ವೇರ್‌ಗೆ ಸರಿಯಾದ ನಿಯಮ ಹೇಳಿಕೊಟ್ಟರೂ ಅದು ತಪ್ಪಬಹುದು ಎಂದೆನಲ್ಲ, ಅದಕ್ಕೊಂದು ಉದಾಹರಣೆ. ಫ್ಲೋರೈಡ್‌ನ ಸ್ವೀಕಾರಾರ್ಹ ಮಿತಿ 1.0. ನಿಮಗೆ ಸರಿಯಾಗಿ 1.05 ಬಂತು ಎನ್ನಿ. ಐಎಸ್ 2ರ ಪ್ರಕಾರ 1.0. ಆದರೆ ಕಂಪ್ಯೂಟರ್ ಎರಡರ ಆಧಾರದಲ್ಲಿ ಲೆಕ್ಕ ಮಾಡುವುದರಿಂದ 1.05 ಅನ್ನು ಸರಿಯಾಗಿ ಇಟ್ಟುಕೊಳ್ಳಲು ಅದಕ್ಕೆ ಆಗುವುದಿಲ್ಲ. ಇಟ್ಟುಕೊಳ್ಳುವುದು ಸುಮಾರು 1.05000000000000004. ಈಗ ಅದು ಸರಿಯಾಗಿ ಅರ್ಧ ಅಲ್ಲ, ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಸಮಸಂಖ್ಯೆಯ ನಿಯಮ ಇರುವ ಪೈಥಾನ್ ಕೂಡ 1.1 ಕೊಡುತ್ತದೆ. ಅರ್ಧ, ಕಾಲು, ಅರೆಕಾಲಿನಂತಹವು ಕಂಪ್ಯೂಟರಿಗೆ ಸರಿಯಾಗಿ ಹಿಡಿಸುತ್ತವೆ, ಹಾಗಾಗಿ 500.5ರಲ್ಲಿ ಈ ತೊಂದರೆ ಇಲ್ಲ. ಒಂದು ದಶಮಾಂಶಕ್ಕೆ ರೌಂಡ್ ಮಾಡುವ ಫ್ಲೋರೈಡ್‌ನಂತಹ ಕಡೆಗಳಲ್ಲಿ ಇದೆ. ಪರಿಹಾರ ಸಾಫ್ಟ್‌ವೇರ್ ಬರೆದವರ ಕೈಯಲ್ಲಿದೆ: ಕೊನೆಯ ರೌಂಡಿಂಗ್ ಅನ್ನು ದಶಮಾನ ಪದ್ಧತಿಯಲ್ಲೇ ಮಾಡುವ ವ್ಯವಸ್ಥೆ ಎಲ್ಲ ಪ್ರಮುಖ ಭಾಷೆಗಳಿಗೂ ಲಭ್ಯ. ಅದನ್ನು ಬಳಸಿದ್ದೀರಾ ಎಂದು ಲಿಖಿತವಾಗಿ ಕೇಳಿ.

ಇದಕ್ಕಿಂತ ಹೆಚ್ಚಾಗಿ ನಾನು ಲ್ಯಾಬ್‌ಗಳಲ್ಲಿ ಕಂಡಿರುವುದು ಎಕ್ಸೆಲ್‌ನ ಇನ್ನೊಂದು ಬಲೆ. ಸೆಲ್‌ನಲ್ಲಿ ದಶಮಾಂಶ ಕಡಿಮೆ ಮಾಡುವ ಬಟನ್ ಒತ್ತಿ 1.549634 ಅನ್ನು 1.5 ಎಂದು ಕಾಣಿಸುತ್ತಾರೆ. ಅದು ತೋರಿಕೆ ಮಾತ್ರ, ಒಳಗಿನ ಸಂಖ್ಯೆ ಬದಲಾಗಿಲ್ಲ. ಪಕ್ಕದ ಸೆಲ್‌ನಲ್ಲಿ "1.5 ಅಥವಾ ಕಡಿಮೆ ಇದ್ದರೆ ಪಾಸ್" ಎಂಬ ಫಾರ್ಮುಲಾ ಇರುತ್ತದೆ. ಅದು ಒಳಗಿನ ಸಂಖ್ಯೆಯನ್ನು ಹಿಡಿದು ಫೇಲ್ ಅನ್ನುತ್ತದೆ. ಕಾಗದದ ಮೇಲೆ ಫಲಿತಾಂಶ 1.5, ಮಿತಿ 1.5, ತೀರ್ಮಾನ ಫೇಲ್! ಅದಕ್ಕೆ ವಿರುದ್ಧವಾದದ್ದೂ ಉಂಟು: ಉಪಕರಣದ ಸಾಫ್ಟ್‌ವೇರ್ ಎರಡು ದಶಮಾಂಶಕ್ಕೆ ರೌಂಡ್ ಮಾಡಿ ಲಿಮ್ಸ್‌ಗೆ (ಲ್ಯಾಬ್‌ನ ಮಾಹಿತಿ ನಿರ್ವಹಿಸುವ ಸಾಫ್ಟ್‌ವೇರ್) ಕಳಿಸುತ್ತದೆ, ಲಿಮ್ಸ್ ಅದನ್ನು ಮತ್ತೆ ಒಂದಕ್ಕೆ ರೌಂಡ್ ಮಾಡುತ್ತದೆ. ನೀವು ಕೈಯಲ್ಲಿ ಮಾಡಿದ ಎರಡು ಹೆಜ್ಜೆಯ ತಪ್ಪನ್ನೇ ಎರಡು ಯಂತ್ರಗಳು ಸೇರಿ ಮಾಡುತ್ತವೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಡೂಪ್ಲಿಕೇಟ್ ಸರಾಸರಿಯನ್ನೂ, ಅಂದರೆ ಒಂದೇ ಸ್ಯಾಂಪಲ್ ಎರಡು ಸಲ ಮಾಡಿದಾಗಿನ ಸರಾಸರಿಯನ್ನೂ ಗಮನಿಸಿ. 1.46 ಮತ್ತು 1.63 ಬಂದರೆ ಸರಾಸರಿ 1.545, ವರದಿ 1.5. ಮೊದಲೇ ಎರಡನ್ನೂ ರೌಂಡ್ ಮಾಡಿ 1.5, 1.6 ಎಂದು ಸರಾಸರಿ ತೆಗೆದರೆ 1.55, ವರದಿ 1.6.

ನಿಜಕ್ಕೂ ರೌಂಡಿಂಗ್ ವ್ಯತ್ಯಾಸವೇ?

ಎರಡು ಲೆಕ್ಕ ಹೊಂದದಿದ್ದಾಗಲೆಲ್ಲ "ರೌಂಡಿಂಗ್ ಡಿಫರೆನ್ಸ್" ಎಂದು ಷರಾ ಬರೆದು ಮುಂದೆ ಹೋಗುವುದು ಒಂದು ಅಭ್ಯಾಸವಾಗಿಬಿಟ್ಟಿದೆ. ನನಗೆ ಬೇಸರ ತರಿಸುವುದು ಇದು. ಈ ಷರಾದ ಕೆಳಗೆ ನಿಜವಾದ ತಪ್ಪು ಫಾರ್ಮುಲಾಗಳು ವರ್ಷಗಟ್ಟಲೆ ಅಡಗಿರುತ್ತವೆ. ಕೊನೆಯ ಅಂಕಿಗಳನ್ನು ಹೋಲಿಸಬೇಡಿ, ರೌಂಡ್ ಮಾಡದ ಬೆಲೆಗಳನ್ನು ಹೋಲಿಸಿ. ನಿಮ್ಮದರಲ್ಲಿ ಒಂದು ಕಡೆ 1.5500, ಇನ್ನೊಂದು ಕಡೆ ಸುಮಾರು 1.5496. ವ್ಯತ್ಯಾಸ 0.0004. ಇದು ಖಂಡಿತ ರೌಂಡಿಂಗ್. ಹಾಗೆ ನೋಡಿದರೆ ನಿಮ್ಮ ಕೈಲೆಕ್ಕ ಮತ್ತು ಸಾಫ್ಟ್‌ವೇರ್ ಚೆನ್ನಾಗಿಯೇ ಹೊಂದುತ್ತವೆ.

ಆದರೆ ಒಂದು ಕಡೆ 1.50, ಇನ್ನೊಂದು ಕಡೆ 1.56 ಇದ್ದರೆ ಅದು ರೌಂಡಿಂಗ್ ಅಲ್ಲ. ಹತ್ತಿಪ್ಪತ್ತು ಸ್ಯಾಂಪಲ್‌ಗಳ ವ್ಯತ್ಯಾಸವನ್ನು ಸಾಲಾಗಿ ಬರೆದು ನೋಡಿ. ಎಲ್ಲದರಲ್ಲೂ ಒಂದೇ ಅನುಪಾತ ಕಂಡರೆ ಡೈಲ್ಯೂಷನ್ ಅಥವಾ ಯಾವುದೋ ಫ್ಯಾಕ್ಟರ್ ಬೇರೆ ಇದೆ. ಒಂದೇ ಪ್ರಮಾಣದ ಕೂಡುವಿಕೆ ಕಂಡರೆ ಬ್ಲ್ಯಾಂಕ್ (ಸ್ಯಾಂಪಲ್ ಇಲ್ಲದ ರೀಡಿಂಗ್) ಕಳೆಯುವುದರಲ್ಲಿ ಅಥವಾ ಇಂಟರ್‌ಸೆಪ್ಟ್‌ನಲ್ಲಿ ಎಡವಟ್ಟು. ಒಂದು ಕಡೆ ರೇಖೆಯನ್ನು ಒತ್ತಾಯದಿಂದ ಸೊನ್ನೆಯ ಮೂಲಕ ಎಳೆದಿರಬಹುದು. ಗಡಸುತನದ ಟೈಟ್ರೇಷನ್‌ನಲ್ಲಿ 0.01 ಮೋಲಾರ್ ಇಡಿಟಿಎ 1 ಮಿ.ಲೀ.ಗೆ ಒಬ್ಬರು 1 ಮಿ.ಗ್ರಾಂ ಕ್ಯಾಲ್ಷಿಯಂ ಕಾರ್ಬೊನೇಟ್ ಎಂದು ಹಿಡಿಯುತ್ತಾರೆ, ಇನ್ನೊಂದು ಶೀಟ್‌ನಲ್ಲಿ 1.0009 ಇರುತ್ತದೆ. ಲೀಟರಿಗೆ 600 ಮಿ.ಗ್ರಾಂ ಹತ್ತಿರ ಅದು ಅರ್ಧ ಮಿ.ಗ್ರಾಂ ವ್ಯತ್ಯಾಸ ಮಾಡುತ್ತದೆ. ನಡುವಿನ ರೌಂಡಿಂಗ್‌ನ ವ್ಯತ್ಯಾಸಗಳು ಸಾಮಾನ್ಯವಾಗಿ ಎರಡೂ ಕಡೆ ಚೆದುರುತ್ತವೆ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಒಂದೇ ಕಡೆಗೆ ವಾಲಿದರೆ ಅನುಮಾನ ಪಡಿ.

ಇನ್ನು ನಿಮ್ಮ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ನಿಮ್ಮ ಫೋಟೋಮೀಟರ್ ಮೂರು ದಶಮಾಂಶ ತೋರಿಸುತ್ತದೆ. 0.673 ಎಂದರೆ 0.6725ರಿಂದ 0.6735ರ ನಡುವೆ ಏನಾದರೂ ಆಗಿರಬಹುದು. ಈ ಅರ್ಧ ಅಂಕಿಯೊಂದೇ ಉತ್ತರವನ್ನು 1.544ರಿಂದ 1.555ಕ್ಕೆ ಎಳೆದಾಡಬಲ್ಲದು. ಇದರ ಮೇಲೆ ಪಿಪೆಟ್, ಸ್ಟ್ಯಾಂಡರ್ಡ್, ರೀಏಜೆಂಟ್, ತಾಪಮಾನ, ಕ್ಲೋರಿನ್ ಉಳಿಕೆ, ಅಲ್ಯೂಮಿನಿಯಂನ ಅಡ್ಡಿ ಎಲ್ಲ ಸೇರುತ್ತವೆ. ಅಂದರೆ 1.549 ಮತ್ತು 1.550ರ ನಡುವೆ ಗೆರೆ ಎಳೆಯುವ ಶಕ್ತಿ ಈ ವಿಧಾನಕ್ಕೆ ಇಲ್ಲವೇ ಇಲ್ಲ. ಟಿಡಿಎಸ್‌ನಲ್ಲೂ ಅಷ್ಟೇ: ಎರಡು ಸಲ ತೂಗಿದಾಗ 0.5 ಮಿ.ಗ್ರಾಂ ಒಳಗೆ ಹೊಂದಿದರೆ ಸ್ಥಿರ ತೂಕ ಎಂದು ಒಪ್ಪುತ್ತೇವೆ. 200 ಮಿ.ಲೀ.ಗೆ ಆ 0.5 ಮಿ.ಗ್ರಾಂ ಎಂದರೆ ಲೀಟರಿಗೆ 2.5. ಅಲ್ಲಿ 500 ಅಥವಾ 501 ಎಂಬ ವಾದಕ್ಕೆ ರಾಸಾಯನಿಕ ಅರ್ಥವಿಲ್ಲ.

ಹೆಚ್ಚು ದಶಮಾಂಶ ಬರೆದರೆ ಹೆಚ್ಚು ನಿಖರ ಎಂಬ ನಂಬಿಕೆಯೂ ಇಲ್ಲಿ ಬಿದ್ದುಹೋಗುತ್ತದೆ. ಲೆಕ್ಕದ ಒಳಗೆ ಅಂಕಿಗಳು ಬೇಕು. ವರದಿಯಲ್ಲಿ ಅಳತೆಗೆ ದಕ್ಕುವಷ್ಟೇ ಬೇಕು.

ಜೊತೆಗೆ, 1.5 ಬಂತೆಂದ ಮಾತ್ರಕ್ಕೆ ಆ ನೀರು ನಿರಾತಂಕ ಎಂದು ಯಾರೂ ಓದಬಾರದು. ಐಎಸ್ 10500ರಲ್ಲಿ ಫ್ಲೋರೈಡ್‌ನ ಸ್ವೀಕಾರಾರ್ಹ ಮಿತಿ 1.0. 1.5 ಎನ್ನುವುದು ಬೇರೆ ನೀರಿನ ಮೂಲ ಇಲ್ಲದಿದ್ದಾಗ ಮಾತ್ರ ಸಹಿಸಿಕೊಳ್ಳಬಹುದಾದ ಮಿತಿ. ಬಹಳಷ್ಟು ವರದಿಗಳಲ್ಲಿ 1.5 ಅನ್ನು ಮಾತ್ರ ಮಿತಿ ಎಂದು ಮುದ್ರಿಸಿ ಪಾಸ್ ಎಂದು ಬರೆಯುತ್ತಾರೆ. ಮಕ್ಕಳ ಹಲ್ಲಿನ ಬಗ್ಗೆ ಕಾಳಜಿ ಇರುವವರು ರೌಂಡಿಂಗ್‌ನಲ್ಲಿ ಜಗಳವಾಡುವ ಬದಲು ಈ ಎರಡು ಕಾಲಂಗಳನ್ನೂ ವರದಿಯಲ್ಲಿ ತರಿಸಬೇಕು. ನಿಮ್ಮ ಸ್ಯಾಂಪಲ್ 1.5 ಆಗಲಿ, 1.6 ಆಗಲಿ, ಸ್ವೀಕಾರಾರ್ಹ ಮಿತಿಯನ್ನು ದಾಟಿರುವುದರಲ್ಲಿ ಅನುಮಾನವೇ ಇಲ್ಲ. ಆ ಊರಿನಲ್ಲಿ ಶುದ್ಧ ನೀರಿನ ಘಟಕ ಇದ್ದರೆ, ಅಥವಾ ಬಹುಗ್ರಾಮ ಯೋಜನೆಯ ನೀರು ಬರುತ್ತಿದ್ದರೆ, ಬೇರೆ ಮೂಲ ಇದೆ ಎಂದೇ ಅರ್ಥ.

ಮುಂದೆ ಏನು ಮಾಡಬಹುದು

ಸಾಫ್ಟ್‌ವೇರ್‌ನ ಅಂಕಿಯನ್ನೇ ಅಧಿಕೃತ ಎಂದು ಇಟ್ಟುಕೊಂಡು, ಕೈಲೆಕ್ಕವನ್ನು ಪರಿಶೀಲನೆಗೆ ಮಾತ್ರ ಬಳಸುವುದು ಒಂದು ದಾರಿ. ನನ್ನ ಒಲವು ಇದರ ಕಡೆಗೇ. ರೌಂಡ್ ಮಾಡುವ ಮೊದಲಿನ ಬೆಲೆಗಳು ಎಷ್ಟರೊಳಗೆ ಹೊಂದಬೇಕು ಎಂದು ಬರೆದಿಡಿ. ವರದಿಯ ಕೊನೆಯ ಸ್ಥಾನದ ಹತ್ತನೇ ಒಂದು ಭಾಗ ನನಗೆ ಕೆಲಸ ಮಾಡಿದ ಅಳತೆ. ಫ್ಲೋರೈಡ್‌ಗೆ ಅದು 0.01. ಅಪಾಯ ಏನೆಂದರೆ, ಒಮ್ಮೆ ಪರಿಶೀಲಿಸಿ ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಆದರೂ ತಿರುಗಿ ನೋಡದೇ ಇರುವುದು. ಪ್ರತಿ ಅಪ್‌ಡೇಟ್‌ಗೂ ಗೊತ್ತಿರುವ ಕೆಲವು ಅಂಕಿಗಳನ್ನು ಹಾಕಿ ನೋಡಿ. 500.49, 500.5, 500.51, 501.5 ಹಾಕಿದರೆ ಐಎಸ್ 2ರ ಪ್ರಕಾರ 500, 500, 501, 502 ಬರಬೇಕು. ಒಂದು ದಶಮಾಂಶಕ್ಕೆ 1.05, 1.45, 1.549, 1.55, 1.65 ಹಾಕಿದರೆ 1.0, 1.4, 1.5, 1.6, 1.6 ಬರಬೇಕು. 1.05ರಲ್ಲಿ ಹೆಚ್ಚಿನವು ಎಡವುತ್ತವೆ, ಅದನ್ನು ಬಿಡಬೇಡಿ. ಪರೀಕ್ಷಾ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ/ಐಇಸಿ 17025ರ 7.11ನೇ ಕಲಂ ಕೇಳುವುದು ಇದನ್ನೇ: ಲೆಕ್ಕ ಮತ್ತು ದತ್ತಾಂಶ ವರ್ಗಾವಣೆಯನ್ನು ಕ್ರಮಬದ್ಧವಾಗಿ ಪರಿಶೀಲಿಸಿದ್ದೀರಾ ಎಂದು. ಆ ಹಾಳೆಯನ್ನು ದಿನಾಂಕ, ಆವೃತ್ತಿ ಸಂಖ್ಯೆ, ಸಹಿಯೊಂದಿಗೆ ಫೈಲ್ ಮಾಡಿದ್ದರೆ ಆಡಿಟರ್ ಮುಂದೆ ನೀವು ವಾದ ಮಾಡುವ ಅಗತ್ಯ ಬೀಳುವುದಿಲ್ಲ.

ಕೈಲೆಕ್ಕವೇ ಅಧಿಕೃತ ಎಂದು ಇಟ್ಟುಕೊಳ್ಳುವ ಲ್ಯಾಬ್‌ಗಳೂ ಇವೆ. ತಪ್ಪೇನಿಲ್ಲ, ಆದರೆ ರೀಡಿಂಗ್ ನಕಲು ಮಾಡುವಾಗ ಅಂಕಿ ಅದಲುಬದಲಾಗುವ ಅಪಾಯ ರೌಂಡಿಂಗ್‌ಗಿಂತ ಬಹಳ ದೊಡ್ಡದು. ಎಕ್ಸೆಲ್ ಮಧ್ಯದ ದಾರಿ. ಫಾರ್ಮುಲಾ ಸೆಲ್‌ಗಳಿಗೆ ಲಾಕ್ ಹಾಕಿ, ಪಾಸ್‌ವರ್ಡ್ ಒಬ್ಬರ ಬಳಿ ಇರಲಿ. ಟಿಡಿಎಸ್‌ನಂತಹ ಪೂರ್ಣಾಂಕದ ಕಡೆ ಸಮಸಂಖ್ಯೆಯ ನಿಯಮ ಬೇಕಿದ್ದರೆ, ಸರಿಯಾಗಿ ಅರ್ಧ ಬಂದಾಗ ಮಾತ್ರ ಬೆಲೆಯನ್ನು ಎರಡರಿಂದ ಭಾಗಿಸಿ, ರೌಂಡ್ ಮಾಡಿ, ಮತ್ತೆ ಎರಡರಿಂದ ಗುಣಿಸುವ ಫಾರ್ಮುಲಾ ಬರೆದರೆ ಸಾಕು. 500.5ರ ಅರ್ಧ 250.25, ರೌಂಡ್ ಮಾಡಿದರೆ 250, ಗುಣಿಸಿದರೆ 500.

ಎರಡು ದಶಮಾಂಶಕ್ಕೆ ವರದಿ ಕೊಟ್ಟರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಬೇಡ. ಮಾನಕ ಒಂದು ದಶಮಾಂಶ ಕೇಳುವಾಗ 1.55 ಎಂದು ಬರೆದು 1.5ಕ್ಕೆ ಹೋಲಿಸಿದರೆ ನಿಯಮವನ್ನೇ ಬದಲಿಸಿದಂತೆ.

ಮಿತಿಯ ಅಂಚಿನಲ್ಲಿ ಎಚ್ಚರಿಕೆ ಬೇಕು ಎಂದಾದರೆ ಅದಕ್ಕೆ ಸರಿಯಾದ ಜಾಗ ಡಿಸಿಷನ್ ರೂಲ್, ಅಂದರೆ ಪಾಸ್ ಅಥವಾ ಫೇಲ್ ಎಂದು ತೀರ್ಮಾನಿಸಲು ಮೊದಲೇ ಬರೆದಿಟ್ಟ ನಿಯಮ. ಅಳತೆಯ ಅನಿಶ್ಚಿತತೆ 0.15 ಎಂದು ನೀವು ಲೆಕ್ಕ ಹಾಕಿದ್ದೀರಿ ಎನ್ನಿ. ಅಷ್ಟನ್ನು ಮಿತಿಯಿಂದ ಕಳೆದು, 1.35ರವರೆಗೆ ಮಾತ್ರ ಪಾಸ್ ಎಂದು ಪರೀಕ್ಷೆಗೆ ಮೊದಲೇ ಗ್ರಾಹಕರೊಂದಿಗೆ ಒಪ್ಪಿಕೊಳ್ಳಬಹುದು. ನಿಮ್ಮ ಸಹೋದ್ಯೋಗಿ ಬಯಸುವ ರಕ್ಷಣೆ ಇದರಲ್ಲಿದೆ. ಇದರ ಬೆಲೆಯನ್ನೂ ಹೇಳಬೇಕು: ಪಾವಗಡದಂತಹ ಕಡೆ ಬಹಳಷ್ಟು ಬಾವಿಗಳು ಮಿತಿಯ ಆಸುಪಾಸಿನಲ್ಲೇ ಇರಬಹುದು. ಅವೆಲ್ಲ ಫೇಲ್ ಆದರೆ ಬೇಸಿಗೆಯಲ್ಲಿ ಊರು ಟ್ಯಾಂಕರ್‌ಗೆ ಕೈಚಾಚಬೇಕಾಗುತ್ತದೆ. ಆ ನಿರ್ಧಾರವನ್ನು ಕೆಮಿಸ್ಟ್ ಒಬ್ಬರೇ ಬೆಂಚಿನ ಮುಂದೆ ನಿಂತು ತೆಗೆದುಕೊಳ್ಳಬಾರದು.

ಅಂಕಿಯನ್ನು ನೋಡಿದ ಮೇಲೆ ನಿಯಮ ಆರಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಪಾಸ್ ಮಾಡಿಸಲು ಆದರೂ ಅಷ್ಟೇ, ಮಕ್ಕಳ ಒಳಿತಿಗೆ ಫೇಲ್ ಮಾಡಿಸಲು ಆದರೂ ಅಷ್ಟೇ. ಇಂದು ಒಳ್ಳೆಯ ಉದ್ದೇಶಕ್ಕೆ 1.6 ಬರೆದ ಲ್ಯಾಬ್‌ಗೆ ನಾಳೆ ಒತ್ತಡ ಬಂದಾಗ 1.5 ಬರೆಯಲು ತಡೆ ಇರುವುದಿಲ್ಲ.

ಹಳೆಯ ವರದಿಗಳ ವಿಷಯ. ಎಲ್ಲವನ್ನೂ ತೆರೆಯುವ ಅಗತ್ಯವಿಲ್ಲ. ಈ ಪದ್ಧತಿಯಲ್ಲಿ ಲೆಕ್ಕ ಹಾಕಿದವುಗಳಲ್ಲಿ, ಫಲಿತಾಂಶ ಮಿತಿಯ ಒಂದು ಅಂಕಿಯ ಆಚೀಚೆ ಇರುವವನ್ನು ಮಾತ್ರ ಆರಿಸಿ: ಫ್ಲೋರೈಡ್‌ನಲ್ಲಿ 1.0, 1.1, 1.5, 1.6, ಟಿಡಿಎಸ್‌ನಲ್ಲಿ 500 ಮತ್ತು 501, ಹಾಗೆಯೇ 2000 ಮತ್ತು 2001. ಮೂಲ ರೀಡಿಂಗ್‌ನಿಂದ ಮತ್ತೆ ಲೆಕ್ಕ ಹಾಕಿ. ತೀರ್ಮಾನ ಬದಲಾಗದಿದ್ದರೆ ಲ್ಯಾಬ್‌ನ ಕಡತದಲ್ಲಿ ಒಂದು ಟಿಪ್ಪಣಿ ಸಾಕು. ಬದಲಾದರೆ ತಿದ್ದುಪಡಿ ವರದಿ ಕೊಡಿ. ಅದರಲ್ಲಿ ಮೊದಲಿನ ವರದಿಯ ಸಂಖ್ಯೆ, ಏನು ಬದಲಾಯಿತು, ಏಕೆ ಎಂಬುದು ಇರಲಿ. ರಿಜಿಸ್ಟರ್‌ನಲ್ಲಿ ಹಳೆಯ ಅಂಕಿಯ ಮೇಲೆ ಒಂದು ಗೆರೆ ಎಳೆದು, ಅದು ಓದಲು ಬರುವಂತೆ ಉಳಿಸಿ, ಪಕ್ಕದಲ್ಲಿ ಹೊಸದನ್ನು ಬರೆದು ಸಹಿ, ದಿನಾಂಕ ಹಾಕಿ. ವೈಟ್ನರ್ ಮುಟ್ಟಬೇಡಿ, ಹಾಳೆ ಬದಲಿಸಬೇಡಿ.

ಈ ಬಾವಿಗೆ ನಾನಾಗಿದ್ದರೆ 1.5 ಎಂದು ವರದಿ ಕೊಡುತ್ತೇನೆ, ಅನಿಶ್ಚಿತತೆಯನ್ನು ಪಕ್ಕದಲ್ಲಿ ಬರೆಯುತ್ತೇನೆ, ಸ್ವೀಕಾರಾರ್ಹ ಮಿತಿ 1.0 ಅನ್ನು ದಾಟಿದೆ ಎಂದು ಷರಾ ಹಾಕುತ್ತೇನೆ. ಹೊಸ ಸ್ಯಾಂಪಲ್ ತರಿಸಿ, ಈ ಸಲ ಎರಡು ಬೇರೆ ಬೇರೆ ಡೈಲ್ಯೂಷನ್‌ಗಳಲ್ಲಿ ನೋಡುತ್ತೇನೆ. ಸಾಧ್ಯವಿದ್ದರೆ ಅದರಲ್ಲೊಂದನ್ನು ಎಲೆಕ್ಟ್ರೋಡ್‌ನಲ್ಲಿ ಮಾಡಿಸುತ್ತೇನೆ. ಆ ಎರಡು ಫಲಿತಾಂಶಗಳನ್ನು ಹಿಡಿದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಜೊತೆ ನೇರವಾಗಿ ಮಾತಾಡಿ, ಊರಿನಲ್ಲಿ ಕುಡಿಯುವುದಕ್ಕೆ ಬೇರೆ ನೀರು ಇದೆಯೇ ಎಂದು ಕೇಳಿ.